ಮದುವೆಗೆ ನಾಲ್ಕು ತಿಂಗಳಿರುವಾಗ: ಮುಖದ ಕೂದಲಿನ ಬಗ್ಗೆ ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಯುವತಿಯನ್ನು ಸುಮಾ ಎಂದು ಕರೆಯುತ್ತೇನೆ. ಅದು ಆಕೆಯ ನಿಜವಾದ ಹೆಸರಲ್ಲ. ಗುರುತು ಸಿಗದಂತೆ ಮನೆಯ ಮತ್ತು ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯುವ ಮುನ್ನ ಆಕೆಯ ಒಪ್ಪಿಗೆಯನ್ನೂ ಪಡೆದಿದ್ದೇನೆ. ವಯಸ್ಸು 26. ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯ ಮಗಳು, ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಜನವರಿಯಲ್ಲಿ ತಾಯಿಯ ಜೊತೆ ಚಿಕ್ಕಬಳ್ಳಾಪುರದಲ್ಲಿರುವ ನನ್ನ ಕೊಠಡಿಗೆ ಬಂದಾಗ ಮೇ ತಿಂಗಳಿಗೆ ಮದುವೆ ನಿಶ್ಚಯವಾಗಿತ್ತು.

ತಾಯಿಯ ಕೈಯಲ್ಲಿ ಬೆಂಗಳೂರಿನ ಸೌಂದರ್ಯ ಕೇಂದ್ರವೊಂದರ ಬೆಲೆಪಟ್ಟಿ ಇತ್ತು. ಎಂಟು ಬಾರಿಯ ಲೇಸರ್‌ಗೆ ಆ ವಾರದೊಳಗೆ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ ಸಿಗುತ್ತದೆ, ಆಮೇಲೆ ಜೀವಮಾನದಲ್ಲಿ ಮುಖದ ಮೇಲೆ ಒಂದು ಕೂದಲೂ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದರಂತೆ. "ಮೇಡಂ, ಇದನ್ನೇ ಮಾಡಿಸಲಾ, ಬೇರೆ ಏನಾದರೂ ಇದೆಯಾ? ನೀವು ಹೇಳಿದ ಹಾಗೆ ಮಾಡ್ತೀನಿ" ಎಂದು ಸುಮಾ ಕೇಳಿದರು. ಯಾವ ವಿಧಾನ ಬೇಕೆಂಬುದನ್ನು ನೀವೇ ಆರಿಸಬೇಕು, ಆರಿಸಲು ಬೇಕಾದ ತಿಳಿವಳಿಕೆಯನ್ನು ಒಟ್ಟುಮಾಡಲು ನಾನು ಜೊತೆಗಿರುತ್ತೇನೆ, ಆದರೆ ಈ ವಾರ ಯಾರಿಗೂ ಹಣ ಕಟ್ಟಬೇಡಿ ಎಂದೆ. ಅವಸರದಲ್ಲಿ ಕಟ್ಟಿದ ಹಣ ಮುಂದಿನ ನಿರ್ಧಾರಗಳನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತದೆ ಎಂಬುದನ್ನು ಈ ಕೆಲಸದಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ತಾಯಿಯವರನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರುವಂತೆ ಕೇಳಿಕೊಂಡ ಮೇಲೆ ಸುಮಾ ಮಾತು ಬಿಚ್ಚಿದರು. ಗಲ್ಲದ ಮೇಲೆ ದಪ್ಪ ಕೂದಲು ಕಾಣಿಸಿಕೊಂಡದ್ದು ಪದವಿಯ ಮೊದಲ ವರ್ಷದಲ್ಲಿ. ಮೇಲ್ದುಟಿಗೂ ಕತ್ತಿಗೂ ಅದು ಹರಡಿದ್ದು ಆಮೇಲೆ. ಮೊದಲು ಥ್ರೆಡಿಂಗ್ ಮಾಡಿಸುತ್ತಿದ್ದರು. ಅದು ವಾರಕ್ಕೂ ಸಾಲದಾದಾಗ, ಬ್ಲೇಡ್ ಮುಟ್ಟಿಸಿದರೆ ಗಡ್ಡವೇ ಬರುತ್ತದೆ ಎಂದು ತಾಯಿ ಗದರಿಸಿದ್ದರಿಂದ, ಒಂದು ರೇಜರನ್ನು ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟುಕೊಂಡು, ಮನೆಯವರು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟ ಮೇಲೆ ಬಚ್ಚಲಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ತರಗತಿಯಲ್ಲಿ ಕಿಟಕಿಯ ಬೆಳಕು ಗಲ್ಲದ ಮೇಲೆ ಬೀಳದಂತೆ ನಿಲ್ಲುವುದು ಅಭ್ಯಾಸವಾಗಿತ್ತು. ನನ್ನೊಡನೆ ಮಾತಾಡುವಾಗಲೂ ಎಡಗೈ ಗಲ್ಲವನ್ನು ಬಿಟ್ಟು ಕದಲಲಿಲ್ಲ.

ಮದುವೆಯ ಬಗ್ಗೆ ಆಕೆಗಿದ್ದ ಭಯ ಬಹಳ ನಿರ್ದಿಷ್ಟವಾಗಿತ್ತು. ಅರಿಶಿನ ಶಾಸ್ತ್ರದ ದಿನ ಮುತ್ತೈದೆಯರು ಒಬ್ಬೊಬ್ಬರಾಗಿ ಕೆನ್ನೆಗೂ ಗಲ್ಲಕ್ಕೂ ಅರಿಶಿನ ಹಚ್ಚುತ್ತಾರೆ. ಗಂಡಿನ ಸೋದರತ್ತೆ ಗಲ್ಲ ಹಿಡಿದು ಲಟಿಕೆ ಮುರಿದು ದೃಷ್ಟಿ ತೆಗೆಯುತ್ತಾರೆ. ಆಗ ಬೆರಳಿಗೆ ಚುಚ್ಚಿದರೆ? "ಹೆಣ್ಣೋ ಗಂಡೋ ಅಂತ ಅನ್ಕೊಂಡ್ರೆ ಏನ್ ಮಾಡ್ಲಿ ಮೇಡಂ" ಎಂದು ಅತ್ತರು. ಆ ಮಾತಿಗೆ ತಕ್ಷಣ ಉತ್ತರ ಕೊಡಬೇಕೆನಿಸಿತು. ಗಂಡಸರ ಹಾರ್ಮೋನ್ ಎಂದು ಕರೆಯುವ ಆಂಡ್ರೊಜೆನ್ ಪ್ರತಿಯೊಬ್ಬ ಹೆಣ್ಣಿನ ದೇಹದಲ್ಲೂ ಇರುತ್ತದೆ, ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳೇ ಅದನ್ನು ತಯಾರಿಸುತ್ತವೆ. ಅದರ ಪ್ರಮಾಣ ಸ್ವಲ್ಪ ಏರಿದರೆ, ಅಥವಾ ಕೂದಲಿನ ಬುಡ ಅದಕ್ಕೆ ಹೆಚ್ಚು ಸ್ಪಂದಿಸಿದರೆ, ಎಳೆಯ ನವಿರು ಗಟ್ಟಿ ಕರಿಕೂದಲಾಗುತ್ತದೆ. ಇದರಿಂದ ಯಾರ ಹೆಣ್ಣುತನಕ್ಕೂ ಕುಂದಿಲ್ಲ ಎಂದು ವಿವರಿಸಿದೆ. ನಿದ್ರೆ, ಊಟ, ಬದುಕೇ ಬೇಡವೆನಿಸುವ ಯೋಚನೆಗಳ ಬಗ್ಗೆ ನೇರವಾಗಿ ವಿಚಾರಿಸಿದೆ. ನಿದ್ರೆ ಕೆಟ್ಟಿತ್ತು, ಸಾಯುವ ಯೋಚನೆ ಇರಲಿಲ್ಲ. ಆದರೂ ರಾತ್ರಿ ಹೊತ್ತು ಮನಸ್ಸು ತೀರಾ ಕುಗ್ಗಿದರೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಉಚಿತ ಸಂಖ್ಯೆ 14416 ಅನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿದೆ.

ವಿಧಾನದ ಮಾತಿಗೆ ಮುಂಚೆ ಕಾರಣದ ಮಾತು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತಿದೆಯೇ, ಕೂದಲು ವರ್ಷಗಳಲ್ಲಿ ನಿಧಾನವಾಗಿ ಬಂತೇ ಅಥವಾ ಕೆಲವೇ ತಿಂಗಳಲ್ಲಿ ನುಗ್ಗಿತೇ, ಧ್ವನಿ ಗಡುಸಾಗಿದೆಯೇ, ನೆತ್ತಿಯ ಕೂದಲು ಉದುರುತ್ತಿದೆಯೇ, ಯಾವುದಾದರೂ ಔಷಧಿ ನಡೆಯುತ್ತಿದೆಯೇ ಎಂದು ಕೇಳಿದೆ. ಕೂದಲು ಒಮ್ಮೆಲೇ ವೇಗವಾಗಿ ಬೆಳೆದು ಧ್ವನಿಯೂ ಬದಲಾಗಿದ್ದರೆ ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆಯಂತಹ ಅಪರೂಪದ ಕಾರಣವನ್ನು ವೈದ್ಯರು ತಡಮಾಡದೆ ಪರೀಕ್ಷಿಸಬೇಕಾಗುತ್ತದೆ. ಸುಮಾ ಅವರಲ್ಲಿ ಅಂತಹ ಲಕ್ಷಣಗಳಿರಲಿಲ್ಲ. ಆದರೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು, ಅದನ್ನು ಮನೆಯಲ್ಲಿ ಯಾರೂ ದೊಡ್ಡದು ಮಾಡಿರಲಿಲ್ಲ.

ಔಷಧಿಯ ಪ್ರಶ್ನೆಗೆ ಮೊದಲು ಇಲ್ಲ ಎಂದವರು, ಮುಖಕ್ಕೆ ಏನೇನು ಹಚ್ಚುತ್ತೀರಿ ಎಂದು ಕೇಳಿದಾಗ ಚೀಲದಿಂದ ಒಂದು ಟ್ಯೂಬ್ ತೆಗೆದರು. ಥ್ರೆಡಿಂಗ್‌ನಿಂದ ಗಲ್ಲದಲ್ಲಿ ಸಣ್ಣ ಗುಳ್ಳೆಗಳೆದ್ದು, ಅವು ಆರಿದ ಜಾಗದಲ್ಲಿ ಕಪ್ಪು ಕಲೆ ಉಳಿದಿತ್ತು. ಕಲೆಗೆಂದು ಮೆಡಿಕಲ್ ಸ್ಟೋರಿನವರು ಕೊಟ್ಟ ಕ್ರೀಮನ್ನು ವರ್ಷಕ್ಕೂ ಹೆಚ್ಚು ಕಾಲ ಹಚ್ಚಿದ್ದರು. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸ್ಟೀರಾಯ್ಡ್ ಹೆಸರಿತ್ತು. ಇಂತಹ ಕ್ರೀಮುಗಳು ಮೊದಮೊದಲು ಮುಖವನ್ನು ತಿಳಿಯಾಗಿಸಿದಂತೆ ಕಂಡರೂ ದಿನ ಕಳೆದಂತೆ ಚರ್ಮವನ್ನು ತೆಳುವಾಗಿಸುತ್ತವೆ, ಮೊಡವೆ ಎಬ್ಬಿಸುತ್ತವೆ, ಹಚ್ಚಿದ ಜಾಗದಲ್ಲೇ ಹೆಚ್ಚು ಕೂದಲು ಬೆಳೆಯುವಂತೆಯೂ ಮಾಡಬಲ್ಲವು. ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದ್ದರೂ ಅವು ಹೆಣ್ಣುಮಕ್ಕಳ ಕೈಗೆ ಹೀಗೆ ಸಲೀಸಾಗಿ ಸಿಗುತ್ತಿರುವುದು ನನಗೆ ತೀವ್ರ ನೋವಿನ ಸಂಗತಿ. ಕೂದಲು ಕೀಳಿಸಿದ್ದರಿಂದ ಕಲೆ, ಕಲೆಗೆಂದು ಕ್ರೀಮು, ಕ್ರೀಮಿನಿಂದ ಮತ್ತಷ್ಟು ಕೂದಲು ಎಂಬ ಸರಪಳಿಯನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಸುಮಾ ಬಹಳ ಹೊತ್ತು ಅದನ್ನೇ ನೋಡಿದರು. ಟ್ಯೂಬನ್ನು ಚರ್ಮರೋಗ ತಜ್ಞರಿಗೆ ತೋರಿಸಿ, ಅದನ್ನು ಹೇಗೆ ನಿಲ್ಲಿಸಬೇಕೆಂದು ಅವರನ್ನೇ ಕೇಳಿ, ತಾವಾಗಿ ಒಮ್ಮೆಲೇ ಬಿಟ್ಟರೆ ಮುಖ ಕೆಂಪಗಾಗಿ ಉರಿಯಬಹುದು ಎಂದು ತಿಳಿಸಿದೆ.

ಸ್ತ್ರೀರೋಗ ತಜ್ಞೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಟೆಸ್ಟೊಸ್ಟೆರಾನ್ ಮತ್ತು ಸಕ್ಕರೆಯ ರಕ್ತಪರೀಕ್ಷೆಗಳನ್ನೂ ಸ್ಕ್ಯಾನಿಂಗನ್ನೂ ಮಾಡಿಸಿ, ಜನ ಪಿಸಿಒಡಿ ಎನ್ನುವ ಪಿಸಿಒಎಸ್, ಅಂದರೆ ಆಂಡ್ರೊಜೆನ್ ಹೆಚ್ಚಿ ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ, ಇದೆ ಎಂದು ಖಚಿತಪಡಿಸಿದರು. ಮುಖದ ಕೂದಲಿನ ಸಮಸ್ಯೆಗೆ ಅತಿ ಸಾಮಾನ್ಯವಾದ ಕಾರಣ ಇದೇ. ರಕ್ತದೊತ್ತಡ ನೋಡಿ, ಮೈಗ್ರೇನ್ ಮತ್ತು ರಕ್ತ ಹೆಪ್ಪುಗಟ್ಟಿದ ಇತಿಹಾಸ ಇಲ್ಲವೆಂದು ಕೇಳಿ ತಿಳಿದು, ಹಾರ್ಮೋನ್ ಗುಳಿಗೆ ಬರೆದರು. ಕೂದಲಿನ ಒಂದೊಂದು ಬೆಳವಣಿಗೆಯ ಸುತ್ತು ತಿಂಗಳುಗಟ್ಟಲೆ ನಡೆಯುವುದರಿಂದ ಗುಳಿಗೆಯ ಪರಿಣಾಮ ಕಾಣಲು ಕನಿಷ್ಠ ಆರು ತಿಂಗಳು ಬೇಕು, ಈಗಾಗಲೇ ದಪ್ಪವಾಗಿರುವ ಕೂದಲು ಗುಳಿಗೆಯಿಂದಷ್ಟೇ ಮಾಯವಾಗುವುದಿಲ್ಲ ಎಂದೂ ಅವರು ಹೇಳಿದ್ದರು. ಅಂದರೆ ಮೇ ತಿಂಗಳ ಮದುವೆಗೆ ಬೇರೆ ಏರ್ಪಾಡು ಬೇಕೇ ಬೇಕಿತ್ತು.

ಎರಡನೆಯ ಭೇಟಿಯಲ್ಲಿ ವಿಧಾನಗಳನ್ನು ಕುರಿತು ಕುಳಿತೆವು. ರೇಜರಿನಿಂದಲೇ ಆರಂಭಿಸಿದೆ, ಏಕೆಂದರೆ ಆಕೆಯ ನಾಚಿಕೆಯೆಲ್ಲ ಅದಕ್ಕೇ ಅಂಟಿಕೊಂಡಿತ್ತು. ಬ್ಲೇಡ್ ತಗುಲಿದರೆ ಕೂದಲು ದಪ್ಪವಾಗುತ್ತದೆ ಎಂಬ ನಂಬಿಕೆಯನ್ನು 1928ರಲ್ಲೇ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ ಪರೀಕ್ಷಿಸಿ, ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಹೆಚ್ಚುವುದಿಲ್ಲವೆಂದು ಕಂಡಿದ್ದರು. ಬ್ಲೇಡ್ ಕೂದಲಿನ ಚೂಪು ತುದಿಯನ್ನು ಮೊಂಡಾಗಿ ಕತ್ತರಿಸುವುದರಿಂದ ಕೈಗೆ ಒರಟಾಗಿ ಹತ್ತುತ್ತದೆ, ಅಷ್ಟೇ. ನೋವಿಲ್ಲದ, ಕಡಿಮೆ ಖರ್ಚಿನ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಈ ವಿಧಾನವನ್ನು ಹೆಣ್ಣುಮಕ್ಕಳು ಅಪರಾಧದಂತೆ ಮುಚ್ಚಿಡಬೇಕಾಗಿರುವುದು ಅನ್ಯಾಯ. ಬೇರೆಯವರ ರೇಜರ್ ಬಳಸದೆ, ಮುಖ ತೊಳೆದು ಚರ್ಮ ಮೆತ್ತಗಾದ ಮೇಲೆ, ಕೂದಲು ಬೆಳೆಯುವ ದಿಕ್ಕಿನಲ್ಲಿ ತೆಗೆದರೆ ಸಾಕು.

ಥ್ರೆಡಿಂಗ್, ವ್ಯಾಕ್ಸಿಂಗ್, ಚಿಮಟ ಮೂರೂ ಬುಡದಿಂದ ಕೀಳುವ ವಿಧಾನಗಳು. ಆಕೆಯ ಚರ್ಮಕ್ಕೆ ಅವು ಒಗ್ಗುವುದಿಲ್ಲವೆಂಬುದಕ್ಕೆ ಗಲ್ಲದ ಕಲೆಗಳೇ ಸಾಕ್ಷಿಯಾಗಿದ್ದವು. ಬ್ಲೀಚ್ ಮೇಲ್ದುಟಿಯ ನವಿರಿಗೆ ಆದೀತು, ಗಲ್ಲದ ಗಟ್ಟಿ ಕೂದಲಿಗೆ ಪ್ರಯೋಜನವಿಲ್ಲ. ಕಡಲೆಹಿಟ್ಟು ಮತ್ತು ಕಸ್ತೂರಿ ಅರಿಶಿನ ತಿಕ್ಕುವ ಅಜ್ಜಿಯ ಸಲಹೆಯನ್ನು ತಾಯಿ ನೆನಪಿಸಿದರು. ಮೈಕಾಂತಿಗೆ ಹಚ್ಚಿಕೊಳ್ಳಲು ಅಡ್ಡಿಯಿಲ್ಲ, ಆದರೆ ಹಾರ್ಮೋನಿನಿಂದ ದಪ್ಪವಾದ ಕೂದಲು ಅದಕ್ಕೆ ಜಗ್ಗುವುದಿಲ್ಲ, ಮತ್ತು ಒರಟಾಗಿ ತಿಕ್ಕಿದರೆ ಕಲೆ ಹೆಚ್ಚುತ್ತದೆ. ಒಂದೊಂದೇ ಕೂದಲಿನ ಬುಡಕ್ಕೆ ಸೂಜಿಯಿಂದ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಬಿಳಿ ಕೂದಲನ್ನೂ ಶಾಶ್ವತವಾಗಿ ತೆಗೆಯಬಲ್ಲದು, ಆದರೆ ಸುಮಾ ಅವರ ಗಲ್ಲ ಕತ್ತಿನಷ್ಟು ಹರಹಿಗೆ ಬಹಳ ಕಾಲ ಹಿಡಿಯುತ್ತದೆ, ನುರಿತ ಕೈಯೂ ಬೇಕು.

ಲೇಸರ್ ಬಗ್ಗೆ ಹೆಚ್ಚು ಹೊತ್ತು ಮಾತಾಡಿದೆವು. ಅದರ ಬೆಳಕನ್ನು ಕೂದಲಿನ ಕಪ್ಪು ಬಣ್ಣ ಹೀರಿಕೊಂಡು, ಆ ಶಾಖದಿಂದ ಬುಡ ಘಾಸಿಗೊಳ್ಳುತ್ತದೆ. ಹಾಗಾಗಿ ನೆರೆತ ಕೂದಲಿಗೆ ಅದು ಕೆಲಸ ಮಾಡದು, ಬೆಳವಣಿಗೆಯ ಹಂತದಲ್ಲಿರುವ ಕೂದಲಿಗಷ್ಟೇ ಪೆಟ್ಟು ಬೀಳುವುದರಿಂದ ಮುಖಕ್ಕೆ ಸುಮಾರು ನಾಲ್ಕರಿಂದ ಆರು ವಾರಗಳಿಗೊಮ್ಮೆ ಹಲವು ಬಾರಿ ಮಾಡಿಸಬೇಕು. ನಮ್ಮ ಕಡೆಯವರ ಕಂದು ಚರ್ಮದಲ್ಲೂ ಅದೇ ಬಣ್ಣ ಇರುವುದರಿಂದ ಹೊಂದದ ಯಂತ್ರ ಬಳಸಿದರೆ ಸುಟ್ಟ ಕಲೆ ಉಳಿಯಬಹುದು. ಚರ್ಮದ ಬಣ್ಣ ಗಾಢವಾದಷ್ಟೂ 1064 ನ್ಯಾನೊಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಕೆಲವರಲ್ಲಿ, ಮುಖ್ಯವಾಗಿ ಮುಖದ ಅಂಚಿನಲ್ಲಿ, ಲೇಸರ್ ನಂತರ ಕೂದಲು ಹೆಚ್ಚುವುದೂ ಉಂಟು. ಪಿಸಿಒಎಸ್ ಹತೋಟಿಗೆ ಬಾರದಿದ್ದರೆ ಹೊಸ ಕೂದಲು ದಪ್ಪವಾಗುತ್ತಲೇ ಇರುತ್ತದೆ. ಆದ್ದರಿಂದ "ಜೀವಮಾನದಲ್ಲಿ ಬರುವುದಿಲ್ಲ" ಎನ್ನುವವರ ಬಳಿ ಹೋಗಬೇಡಿ, ಬಹಳ ಕಡಿಮೆಯಾಗುತ್ತದೆ, ಆಗಾಗ ಮತ್ತೆ ಬರಬೇಕಾಗುತ್ತದೆ ಎಂದು ಮೊದಲೇ ಹೇಳುವವರ ಬಳಿ ಹೋಗಿ ಎಂದೆ. ಯಾವ ಯಂತ್ರ, ಯಾರು ಮಾಡುತ್ತಾರೆ, ಚರ್ಮರೋಗ ತಜ್ಞರು ಅಲ್ಲೇ ಇರುತ್ತಾರೆಯೇ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುತ್ತಾರೆಯೇ, ಒಂದೊಂದು ಬಾರಿಗೆ ಬೇರೆಬೇರೆಯಾಗಿ ಹಣ ಕಟ್ಟಬಹುದೇ ಎಂಬ ಪ್ರಶ್ನೆಗಳನ್ನು ಆಕೆ ತಮ್ಮ ಪಾಠಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಂಡರು. ಏನೂ ಮಾಡಿಸದೆ ಕೂದಲನ್ನು ಹಾಗೆಯೇ ಬಿಡುವುದೂ ಒಂದು ಆಯ್ಕೆ ಎಂದು ಹೇಳಿದಾಗ ಮೊದಲ ಬಾರಿಗೆ ನಕ್ಕು, "ಅಷ್ಟು ಧೈರ್ಯ ಇನ್ನೂ ಇಲ್ಲ ಮೇಡಂ" ಎಂದರು. ಅದೂ ಸರಿಯಾದ ಉತ್ತರವೇ ಎಂದೆ.

ಲೇಸರ್ ನಡುವಿನ ವಾರಗಳಲ್ಲಿ ಕೂದಲು ಕೀಳಿಸುವಂತಿಲ್ಲ, ಬುಡವೇ ಇಲ್ಲದಿದ್ದರೆ ಬೆಳಕಿಗೆ ಗುರಿ ಇರುವುದಿಲ್ಲ, ರೇಜರ್ ಬಳಸಬಹುದು. ಇದನ್ನು ಕೇಳಿದ ಮೇಲೆ ಸುಮಾ ತಾವೇ ನಿರ್ಧರಿಸಿದರು: ಗುಳಿಗೆ ಮುಂದುವರಿಸುವುದು, ಚರ್ಮ ಸುಧಾರಿಸಿದೆ ಎಂದು ತಜ್ಞರು ಹೇಳಿದ ಮೇಲೆ ಲೇಸರ್ ಆರಂಭಿಸುವುದು, ಅರಿಶಿನ ಶಾಸ್ತ್ರದ ದಿನ ಬೆಳಗ್ಗೆ ನಿಶ್ಚಿಂತೆಯಿಂದ ಕ್ಷೌರ ಮಾಡಿಕೊಳ್ಳುವುದು. ಮದುವೆಯ ಹಿಂದಿನ ಎರಡು ವಾರ ಮುಖಕ್ಕೆ ಹೊಸದಾಗಿ ಏನನ್ನೂ ಹಚ್ಚಬೇಡಿ ಎಂದಷ್ಟೇ ನಾನು ಸೇರಿಸಿದೆ.

ಕಷ್ಟವಾದದ್ದು ಗುಳಿಗೆಯ ವಿಷಯ. ಅದು ಗರ್ಭನಿರೋಧಕ ಗುಳಿಗೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ತಾಯಿ ದಿಗಿಲುಗೊಂಡು ನನಗೆ ಫೋನ್ ಮಾಡಿದರು. ಇಲ್ಲಿ ಅದರ ಕೆಲಸ ಆಂಡ್ರೊಜೆನ್ ಪ್ರಭಾವ ತಗ್ಗಿಸಿ ಮುಟ್ಟನ್ನು ಕ್ರಮಕ್ಕೆ ತರುವುದು, ಅದರಿಂದ ಮುಂದೆ ಬಂಜೆತನ ಬರುವುದಿಲ್ಲ, ಆದರೆ ತೆಗೆದುಕೊಳ್ಳುವಷ್ಟು ಕಾಲ ಗರ್ಭ ನಿಲ್ಲುವುದಿಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ. ಈ ಕೊನೆಯ ಮಾತಿನಿಂದಲೇ ಇನ್ನೊಂದು ಪ್ರಶ್ನೆ ಎದ್ದಿತು. ಮದುವೆಯಾದ ವರ್ಷದೊಳಗೆ ಮಗುವನ್ನು ನಿರೀಕ್ಷಿಸುವ ಮನೆಗೆ ಹೋಗುತ್ತಿರುವವರು ಈ ಚಿಕಿತ್ಸೆಯನ್ನು ಗಂಡನಿಂದ ಮುಚ್ಚಿಟ್ಟು ನಡೆಸಲು ಆಗುತ್ತದೆಯೇ? ಕೂದಲಿನ ಬಗ್ಗೆ ಹೇಳುವುದು ಬಿಡುವುದು ಆಕೆಯ ಸ್ವಂತ ವಿಷಯ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಮಗುವಿನ ನಿರ್ಧಾರ ಇಬ್ಬರದು, ಅದಕ್ಕೆ ಪಿಸಿಒಎಸ್ ವಿಷಯ ಆ ಹುಡುಗನಿಗೆ ಮೊದಲೇ ಗೊತ್ತಿರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ ತಿಳಿಸಿದೆ. ತಾಯಿ ಒಪ್ಪಲಿಲ್ಲ: "ಗಂಡಿನ ಕಡೆಯವರಿಗೆ ನಾವೇ ಬಾಯಿಬಿಟ್ಟು ಹೇಳೋದಾ?" ಅವರ ಭಯಕ್ಕೂ ಕಾರಣವಿದೆ, ಅದನ್ನು ನಾನು ಹಗುರಾಗಿ ಕಾಣಲಿಲ್ಲ. ಹೇಗೆ ಹೇಳಬಹುದೆಂದು ಸುಮಾ ನನ್ನ ಎದುರು ಎರಡು ಮೂರು ಸಲ ಅಭ್ಯಾಸ ಮಾಡಿದರು. ಕ್ಷಮೆ ಕೇಳುವ ಧಾಟಿ ಬಂದಾಗಲೆಲ್ಲ ನಿಲ್ಲಿಸಿ, ಥೈರಾಯ್ಡ್ ಇದೆ ಎಂದು ಹೇಳುವಾಗ ಕ್ಷಮೆ ಕೇಳುತ್ತೀರಾ ಎಂದು ಕೇಳುತ್ತಿದ್ದೆ. ಕೊನೆಗೆ ಒಂದು ಭಾನುವಾರ ಫೋನಿನಲ್ಲಿ ಹೇಳಿದರು. ಆತ ಕೇಳಿದ್ದು ಎರಡೇ ಪ್ರಶ್ನೆ: ನೋವಿದೆಯಾ, ಮುಂದಿನ ಸಲ ಡಾಕ್ಟರ ಬಳಿ ನಾನೂ ಬರಲಾ.

ಮದುವೆಗೆ ಮೊದಲು ಎರಡು ಬಾರಿ, ನಂತರ ಮೂರು ಬಾರಿ ಲೇಸರ್ ಆಗಿದೆ. ಗಲ್ಲದ ಕೂದಲು ತೆಳುವಾಗಿ, ವಾರಕ್ಕೊಮ್ಮೆ ರೇಜರ್ ಸಾಕಾಗುತ್ತಿದೆ. ಕಲೆಗಳು ಪೂರ್ತಿ ಹೋಗಿಲ್ಲ. ಆರು ತಿಂಗಳ ನಂತರ ಸ್ತ್ರೀರೋಗ ತಜ್ಞೆ ಆಂಡ್ರೊಜೆನ್ ಪ್ರಭಾವವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮಾತ್ರೆಯನ್ನು ಸೇರಿಸಿದ್ದಾರೆ. ಅದು ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದಾದ್ದರಿಂದ, ಮಗುವಿಗೆ ಪ್ರಯತ್ನಿಸುವ ಮುಂಚೆಯೇ ಅದನ್ನು ನಿಲ್ಲಿಸುವ ಬಗ್ಗೆ ವೈದ್ಯೆಯನ್ನು ಕಾಣಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಕೂರಿಸಿ ಹೇಳಿದ್ದೇನೆ, ಮುಂದಿನ ಭೇಟಿಯನ್ನು ಮೂರು ತಿಂಗಳ ನಂತರಕ್ಕೆ ಇಟ್ಟುಕೊಂಡಿದ್ದೇವೆ.