ಬೀಪ್ ಟೆಸ್ಟ್‌ನಲ್ಲಿ 6ನೇ ಲೆವೆಲ್ ದಾಟುತ್ತಿಲ್ಲ. ಮೂರು ವಾರದಲ್ಲಿ 9 ಮುಟ್ಟಲು ಯಾವ ಶೂ ತಗೊಳ್ಳಲಿ?

ಶೂ ಆಮೇಲೆ. ಬೀಪ್ ಟೆಸ್ಟ್ ಅಂದರೆ 20 ಮೀಟರ್ ದೂರದ ಎರಡು ಗೆರೆಗಳ ನಡುವೆ, ಪ್ರತಿ ಬೀಪ್ ಆಗುವಷ್ಟರಲ್ಲಿ ಆಚೆ ಗೆರೆ ಮುಟ್ಟುತ್ತಾ ಓಡುವುದು; ಲೆವೆಲ್ ಏರಿದಂತೆ ಬೀಪ್ ಬೇಗ ಬೇಗ ಬರುತ್ತದೆ. ನೀವು ಓಡುವ 20 ಮೀಟರ್ ಅಳೆದದ್ದು ಹೇಗೆ, ಅದನ್ನು ಮೊದಲು ಹೇಳಿ.

ಯಾಕೆ ಕೇಳಿದೆ ಅಂದರೆ, ನಾನೂ ಒಂದು ಕಾಲದಲ್ಲಿ ಈ ಟೆಸ್ಟ್‌ಗೆ ಹೆಜ್ಜೆಯಲ್ಲೇ ಅಳೆದಿದ್ದೆ. ತುಮಕೂರಿನ ಜೂನಿಯರ್ ಕಾಲೇಜು ಮೈದಾನಕ್ಕೆ ಬೆಳಿಗ್ಗೆ ಐದೂವರೆಗೆ ಹೋಗಿ, ಸುಣ್ಣದ ಪುಡಿಯಲ್ಲಿ ಎರಡು ಗೆರೆ ಎಳೆದು, ಮೊಬೈಲ್‌ನಲ್ಲಿ ಬೀಪ್ ಹಾಕಿಕೊಂಡು ಓಡುತ್ತಿದ್ದೆ. ಎರಡು ತಿಂಗಳಿಗೆ 9ನೇ ಲೆವೆಲ್ ಬಂತು. ಫುಟ್‌ಬಾಲ್ ಸೆಲೆಕ್ಷನ್‌ಗೆ ಕೇಳಿದ್ದೂ 9. ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಸೆಲೆಕ್ಷನ್ ದಿನ 6ನೇ ಲೆವೆಲ್‌ನಲ್ಲೇ ಉಸಿರು ಸಿಗಲಿಲ್ಲ. 7 ಶುರುವಾಯಿತು. ಗೆರೆ ಇನ್ನೂ ಎರಡು ಹೆಜ್ಜೆ ದೂರ ಇದೆ, ಬೀಪ್ ಆಯಿತು. ಮುಂದಿನ ಸಲವೂ ಅಷ್ಟೇ. ಸತತ ಎರಡು ಸಲ ತಪ್ಪಿದರೆ ಔಟ್.

ಆಗಿದ್ದು ಇಷ್ಟು. ಕ್ರಿಕೆಟ್ ಪಿಚ್ 22 ಗಜ, ಅಂದರೆ 20.12 ಮೀಟರ್. ಟೆನಿಸ್ ಬಾಲ್ ಆಡುವಾಗ 22 ಹೆಜ್ಜೆ ಹಾಕಿಯೇ ವಿಕೆಟ್ ನೆಡುತ್ತಿದ್ದೆವು. ಇಲ್ಲೂ ಹಾಗೇ ಮಾಡಿದೆ. ಆದರೆ ಒಂದು ಗಜ 91 ಸೆಂಟಿಮೀಟರ್. ನನ್ನ ಹೆಜ್ಜೆ 82. ಪಕ್ಕದ ಮನೆಯ ಗಾರೆ ಕೆಲಸದ ಮಾವ ಟೇಪ್ ಹಿಡಿದು ಬಂದರು. ಬಗ್ಗಿ ನೋಡಿ, "ಹದಿನೆಂಟು ಕಣಪ್ಪಾ, ಇನ್ನೂ ಎರಡು ಮೀಟರ್ ಆಚೆ ಹೋಗು" ಅಂದರು.

ಎರಡು ಮೀಟರ್ ತಾನೇ ಅನ್ನಬೇಡಿ. ಟೆಸ್ಟ್ ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ಪ್ರತಿ ನಿಮಿಷಕ್ಕೆ, ಅಂದರೆ ಪ್ರತಿ ಲೆವೆಲ್‌ಗೆ, 0.5 ಏರುತ್ತದೆ. ಹಾಗಾಗಿ 9ನೇ ಲೆವೆಲ್ ಅಂದರೆ 12.5. ಅದೇ ಬೀಪಿಗೆ 18 ಮೀಟರ್ ಓಡಿದರೆ ನಿಮ್ಮ ವೇಗ ಬರೀ 11.25. ಅದು 6ನೇ ಲೆವೆಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡು ತಿಂಗಳೂ ನಾನು 6ರವನೇ ಆಗಿದ್ದೆ. ಕೆನಡಾದ ಲ್ಯೂಕ್ ಲೆಜೆ 1980ರ ದಶಕದಲ್ಲಿ ಈ ಟೆಸ್ಟ್ ರೂಪಿಸಿದಾಗ ಇಟ್ಟ ಲೆಕ್ಕವೇ ಇದು: ಕೊನೆಗೆ ನೀವು ತಡೆದುಕೊಂಡ ವೇಗದಿಂದ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅಂದಾಜು ಮಾಡುವುದು. ದೂರವೇ ತಪ್ಪಾದರೆ ಆ ಅಂದಾಜಿಗೆ ಬೆಲೆ ಇಲ್ಲ.

ನಿಜವಾದ 9 ಬರಲು ನನಗೆ ಇನ್ನೂ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಿಮ್ಮ 6 ಟೇಪ್ ಹಿಡಿದು ಅಳೆದ ಜಾಗದಲ್ಲಿ ಬಂದ 6 ಆಗಿದ್ದರೆ ಮೂರು ವಾರದಲ್ಲಿ 9 ಆಗುತ್ತದೆ ಅಂತ ನಾನು ನಂಬಲ್ಲ, ಯಾವ ಶೂ ಹಾಕಿದರೂ. ಏಳೂವರೆ ಬಂದರೆ ದೊಡ್ಡದು. ಗೆರೆಯ ಹತ್ತಿರ ಅರ್ಧ ಚಕ್ರ ಹೊಡೆದು ತಿರುಗಬೇಡಿ, ಒಂದು ಕಾಲು ಊರಿ ಹಿಂದಕ್ಕೆ ತಳ್ಳಿ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಮೊದಲ ಮೂರು ಲೆವೆಲ್‌ನಲ್ಲಿ ಬೀಪಿಗಿಂತ ಮುಂಚೆ ಹೋಗಿ ಸುಮ್ನೆ ನಿಲ್ಲಬೇಡಿ, ಶಕ್ತಿ ಅಲ್ಲೇ ಖರ್ಚಾಗುತ್ತದೆ. ಯೋ-ಯೋ ಟೆಸ್ಟ್‌ನ ಆಡಿಯೋ ಹಾಕಿಕೊಂಡಿಲ್ಲ ಅಲ್ವಾ? ಕ್ರಿಕೆಟಿಗರು ಓಡುವ ಅದು ಬೇರೆ. ಅದರಲ್ಲಿ 40 ಮೀಟರ್‌ಗೊಮ್ಮೆ ಬಿಡುವಿದೆ.

ನಾಳೆ ಬೆಳಿಗ್ಗೆ ಟೇಪ್ ತಗೊಂಡು ಹೋಗಿ. ಒಬ್ಬರೇ ಆದರೆ ಒಂದು ತುದಿಗೆ ಮೊಳೆ ಹೊಡೆದು ಬಿಗಿಯಾಗಿ ಎಳೆಯಿರಿ. ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.