ಅಜ್ಜಿಗೆ ಮಾತ್ರ ಫ್ಲೂ ಲಸಿಕೆ ಸಾಕೇ?

ಮಡಿಕೇರಿಯ ನಿಮ್ಮ ಮನೆಯಲ್ಲಿ ಅಜ್ಜಿಗೊಬ್ಬರಿಗೇ ಫ್ಲೂ ಲಸಿಕೆ ಹಾಕಿಸಿದರೆ ಸಾಕೇ ಅಂತ ಕೇಳಿದ್ದೀರಿ. ಸಾಲದು ಅಂತಲೇ ಹೇಳುತ್ತೇನೆ. ವಯಸ್ಸಾದವರಲ್ಲಿ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಮನೆಗೆ ಜ್ವರ ತರುವವರೋ, ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳು. ಕಕ್ಕಡ ತಿಂಗಳ ಮಳೆಗೆ ಕಿಟಕಿ ಮುಚ್ಚಿ, ಒದ್ದೆ ಬಟ್ಟೆ ಹರವಿಕೊಂಡು ಎಲ್ಲರೂ ಒಲೆ ಮುಂದೆಯೇ ಕೂತರೆ ಕೇಳಬೇಕೆ!

ಒಬ್ಬರು ಹಾಕಿಸಿಕೊಂಡ ಲಸಿಕೆ ಮನೆಯ ಉಳಿದವರನ್ನೂ ಕಾಪಾಡುತ್ತದೆಯೇ ಅನ್ನುವುದನ್ನು ಕೋವಿಡ್ ಲಸಿಕೆಯಲ್ಲಿ ಅಳೆದೇ ನೋಡಿದ್ದಾರೆ. 2021ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ, ಒಂದು ಡೋಸ್ ಪಡೆದು ಮೂರು ವಾರ ಕಳೆದವರಿಗೆ ಸೋಂಕು ತಗುಲಿದರೂ ಅವರಿಂದ ಮನೆಯವರಿಗೆ ಹರಡುವುದು, ಲಸಿಕೆ ಪಡೆಯದವರಿಗಿಂತ ಶೇ. 40ರಿಂದ 50ರಷ್ಟು ಕಮ್ಮಿಯಿತ್ತು. ಕೋವಿಡ್‌ನ ಡೆಲ್ಟಾ ರೂಪಾಂತರಿ ಬಂದಮೇಲೆ ಆ ಲಾಭ ಕುಗ್ಗಿತು ಅನ್ನಿ.

ಫ್ಲೂ ಲಸಿಕೆ ಹಿಡಿಯಲು ಸುಮಾರು ಎರಡು ವಾರ ಬೇಕು. ಹಾಗಾಗಿ ಮಕ್ಕಳಿಗೂ ನಿಮಗೂ ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲೇ, ಪ್ರತಿ ವರ್ಷವೂ, ವೈದ್ಯರನ್ನು ಕೇಳಿ ಹಾಕಿಸಿ.