ಕೆಲಸ ಬಿಟ್ಟ ಮೇಲೂ ಜೋಮು ಜಾಸ್ತಿಯಾಗುವುದೇಕೆ?

ನೀವು ಚಪ್ಪಲಿ ಅಂಟಿಸುವ ಕೆಲಸ ಬಿಟ್ಟು ತಿಂಗಳಾಯಿತು, ಶುಗರ್ ನಾರ್ಮಲ್ ಇದೆ, ಆದರೂ ಪಾದದ ಜೋಮು ಏರುತ್ತಲೇ ಇದೆ, ಅಂಟು ಕಾರಣವಾ ಅಂತ ಕೇಳಿದ್ದೀರಿ. ಇರಬಹುದು.

ಅಂಟು, ಥಿನ್ನರ್‌ನಲ್ಲಿ ಎನ್-ಹೆಕ್ಸೇನ್ ಎಂಬ ದ್ರಾವಕ ಇದ್ದರೆ ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಲಿವರ್ ಅದನ್ನು 2,5-ಹೆಕ್ಸೇನ್‌ಡಯೋನ್ ಆಗಿ ಬದಲಾಯಿಸುತ್ತದೆ, ನಿಜವಾದ ವಿಷ ಅದೇ. ನರಕೋಶದ ಉದ್ದನೆಯ ಎಳೆಯೊಳಗೆ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ತಂತುಗಳಿವೆ, ಅವನ್ನು ಇದು ಒಂದಕ್ಕೊಂದು ಬೆಸೆದುಬಿಡುತ್ತದೆ. ಬೆಸೆದ ತಂತುಗಳು ಮುಂದೆ ಸಾಗದೆ, ಎಳೆಗೆ ಸುತ್ತಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಸಂದಿಗಳ ಹತ್ತಿರ ಗುಡ್ಡೆ ಬಿದ್ದು, ಎಳೆ ಅಲ್ಲಿ ಊದಿಕೊಂಡು, ಹೊದಿಕೆ ಸರಿದು, ಕೊನೆಗೆ ಅದರಾಚೆಯ ತುದಿ ಸಾಯುತ್ತದೆ. ಪಾದಕ್ಕೆ ಹೋಗುವ ನರಗಳೇ ಎಲ್ಲಕ್ಕಿಂತ ಉದ್ದ ಅಲ್ವಾ, ಅದಕ್ಕೇ ಮೊದಲ ಏಟು ಕಾಲ್ಬೆರಳಿಗೆ. ಜೋಮು ಎರಡೂ ಕಾಲಲ್ಲಿ ಒಂದೇ ಸಮ ಇದೆಯಾ ನೋಡಿ. ಒಂದೇ ಕಾಲಾದರೆ ಬೇರೆ ಕಾರಣ ಹುಡುಕಬೇಕು.

ಕೆಲಸ ಬಿಟ್ಟ ಮೇಲೂ ಒಂದೆರಡು ತಿಂಗಳು ಹೆಚ್ಚಾಗುವುದು ಈ ಕಾಯಿಲೆಯ ಗುಣವೇ. ಆಗಲೇ ಕೆಟ್ಟ ಎಳೆಗಳು ಸಾಯುತ್ತಿರುತ್ತವೆ, ಹೊಸತು ಬೆಳೆಯುವುದು ದಿನಕ್ಕೆ 1 ಮಿಲಿಮೀಟರ್ ಆಸುಪಾಸು. 2009ರಲ್ಲಿ ಚೀನಾದ ಸುಝೌನಲ್ಲಿ ಹೆಕ್ಸೇನ್ ಹಾಕಿ ಫೋನ್ ಪರದೆ ಒರೆಸುತ್ತಿದ್ದ ನೂರಕ್ಕೂ ಹೆಚ್ಚು ಕಾರ್ಮಿಕರಿಗೆ ಆದದ್ದೂ ಇದೇ.

ಸುಮ್ನೆ ಬಿ12 ಮಾತ್ರೆ ನುಂಗುತ್ತಾ ಕೂರಬೇಡಿ, ಮೊದಲು ರಕ್ತದಲ್ಲಿ ಅದು ಎಷ್ಟಿದೆ ಅಂತ ನೋಡಿಸಿ. ನ್ಯೂರಾಲಜಿಸ್ಟ್ ಹತ್ತಿರ ಹೋಗಿ ನರ್ವ್ ಕಂಡಕ್ಷನ್ ಟೆಸ್ಟ್ (ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಅಂತ ನೋಡುವುದು) ಮಾಡಿಸಿ. ಅಂಟಿನ ಡಬ್ಬದ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. ಅದರಲ್ಲಿ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಎಂಬ ಇನ್ನೊಂದು ದ್ರಾವಕ) ಅಂತಲೂ ಇದ್ದರೆ ತಪ್ಪದೆ ಹೇಳಿ, ಅದು ಹೆಕ್ಸೇನ್‌ನ ಕಾಟವನ್ನು ಇನ್ನೂ ಹೆಚ್ಚಿಸುತ್ತದೆ. ಹೆಕ್ಸೇನ್ ಗುರುತು ಹುಡುಕುವ ಮೂತ್ರದ ಟೆಸ್ಟ್‌ಗೆ ಈಗ ದುಡ್ಡು ಹಾಕಬೇಡಿ, ತಿಂಗಳಾದ ಮೇಲೆ ಅದರಲ್ಲಿ ಏನೂ ಸಿಗುವುದಿಲ್ಲ.